ಹೆಬ್ಬೆರಳು ಯಾವ ಬದಿಗಿದೆ?

ನಮಸ್ಕಾರ. ನೀವು ಕಳಿಸಿದ ‘ದೇಹದ ದಿಕ್ಕುಗಳು’ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಬರವಣಿಗೆ ಓದಿಸಿಕೊಂಡು ಹೋಗುತ್ತದೆ, ಆದರೆ ದಿಕ್ಕೇ ತಪ್ಪಿದೆ.

‘ಕೈಯ ಒಳಬದಿಯಲ್ಲಿ ಹೆಬ್ಬೆರಳಿದೆ’ ಎಂದಿದ್ದೀರಿ. ಕೀಬೋರ್ಡಿನ ಮೇಲಿಟ್ಟ ಕೈ ನೋಡಿ ಬರೆದಂತಿದೆ. ಅಂಗರಚನಾಶಾಸ್ತ್ರದ ನಿಲುವು ಬೇರೆ: ನೆಟ್ಟಗೆ ನಿಂತು, ಮುಖ ಎದುರಿಗೆ, ತೋಳು ಇಳಿಬಿಟ್ಟು, ಅಂಗೈ ಮುಂದಕ್ಕೆ. ಆಗ ಹೆಬ್ಬೆರಳು ದೇಹದ ನಡುಗೆರೆಯಿಂದ ದೂರ, ಅಂದರೆ ಲ್ಯಾಟರಲ್; ಕಿರುಬೆರಳು ನಡುಗೆರೆಗೆ ಹತ್ತಿರ, ಅಂದರೆ ಮೀಡಿಯಲ್. ರೋಗಿ ಹೇಗೇ ಮಲಗಿರಲಿ, ಈ ಹೆಸರು ಬದಲಾಗದು. ಕೊನೆಯ ಪುಟದಲ್ಲಿ ಅಡಗಿರುವ ಈ ನಿಲುವನ್ನು ಮೊದಲ ಪ್ಯಾರಾಕ್ಕೆ ತನ್ನಿ.

ದೊಡ್ಡ ತೊಡಕು ‘ಮೇಲೆ’ ಎಂಬ ಪದ. ‘ಹೊಟ್ಟೆಯ ಮೇಲೆ ಗಾಯ’ ಎಂದರೆ ಚರ್ಮದ ಮೇಲೋ, ಹೊಟ್ಟೆಯ ಮೇಲ್ಭಾಗದಲ್ಲೋ? ಆಡುಮಾತಿನಲ್ಲಿ ನಡೆಯುತ್ತದೆ, ಇಲ್ಲಿ ನಡೆಯದು. ಸೂಪರ್‌ಫಿಶಿಯಲ್‌ಗೆ ‘ಹೊರಪದರದಲ್ಲಿ’, ಸುಪೀರಿಯರ್‌ಗೆ ‘ತಲೆಯ ಕಡೆಗೆ’ ಎಂದು ಬಿಡಿಸಿ ಬರೆಯಿರಿ. ಪೃಷ್ಠಕ್ಕೆ ಕೊಡುವ ಇಂಜೆಕ್ಷನ್ ವಿಷಯದಲ್ಲಂತೂ ಇದು ಅಪಾಯದ ಮಾತು. ಒಂದು ಪೃಷ್ಠವನ್ನು ನಾಲ್ಕು ಪಾಲು ಮಾಡಿದರೆ ಸೂಜಿ ಹೋಗಬೇಕಾದದ್ದು ಮೇಲಿನ ಹೊರಪಾಲಿಗೆ. ರೋಗಿ ಬೋರಲು ಮಲಗಿದ್ದರೂ ‘ಮೇಲಿನ’ ಎಂದರೆ ಸೊಂಟದ ಕಡೆಗೆ, ಚಾವಣಿಯ ಕಡೆಗಲ್ಲ. ನೀವು ‘ಪೃಷ್ಠದ ನಡುವೆ’ ಎಂದು ಬರೆದುಬಿಟ್ಟಿದ್ದೀರಿ. ಒಳಗೆ, ಕೆಳಗೆ ಸರಿದಷ್ಟೂ ಕಾಲಿಗಿಳಿಯುವ ಸಯಾಟಿಕ್ ನರಕ್ಕೆ ಸೂಜಿ ತಗುಲುವ ಅಪಾಯ ಹೆಚ್ಚು. ಆ ಸಾಲನ್ನು ಇಟ್ಟುಕೊಂಡು ಅಚ್ಚಿಗೆ ಕಳಿಸಲು ಸಾಧ್ಯವೇ ಇಲ್ಲ.

ಕೈಕಾಲಿಗೆ ಮೇಲೆ–ಕೆಳಗೆ ಬೇಡ. ಕೈ ಎತ್ತಿದರೆ ಮಣಿಕಟ್ಟು ಮೊಣಕೈಗಿಂತ ಮೇಲಾಗುತ್ತದಲ್ಲ! ಪ್ರಾಕ್ಸಿಮಲ್‌ಗೆ ಬುಡದ ಕಡೆ, ಡಿಸ್ಟಲ್‌ಗೆ ತುದಿಯ ಕಡೆ ಎನ್ನಿ. ಮರ ನೋಡಿದವರಿಗೆಲ್ಲ ಅರ್ಥವಾಗುತ್ತದೆ. ಕೈಯೂರಿ ಬಿದ್ದಾಗ ಆಗುವ ಕಾಲಿಸ್ ಫ್ರ್ಯಾಕ್ಚರ್ ಒಳ್ಳೆಯ ಉದಾಹರಣೆ: ಮುಂಗೈಯಲ್ಲಿ ಹೆಬ್ಬೆರಳಿನ ಬದಿಗಿರುವ ರೇಡಿಯಸ್ ಮೂಳೆ ತುದಿಯ ಕಡೆ, ಮಣಿಕಟ್ಟಿನ ಕೀಲಿನಿಂದ ಸುಮಾರು 2.5 ಸೆಂ.ಮೀ. ಬುಡದತ್ತ ಮುರಿದು, ತುದಿಯ ತುಂಡು ಕೈಯ ಹಿಂಬದಿಗೆ ಸರಿಯುತ್ತದೆ. ‘ಮಣಿಕಟ್ಟಿನ ಮೇಲೆ ಮುರಿತ’ ಎಂದರೆ ಇದರಲ್ಲಿ ಒಂದೂ ತಿಳಿಯದು.

ಸುಪೈನ್, ಪ್ರೋನ್ ವಿವರಿಸಲು ಅರ್ಧ ಪುಟ ಏಕೆ? ಅಂಗಾತ, ಬೋರಲು ಎಂದರೆ ಮುಗಿಯಿತು.

ಎಡ–ಬಲ ಯಾವತ್ತೂ ರೋಗಿಯದು, ನೋಡುವವರದಲ್ಲ. ಯಕೃತ್ತು ರೋಗಿಯ ಬಲಕ್ಕಿರುತ್ತದೆ, ಹಾಗಾಗಿ ಎದುರಿನಿಂದ ಬರೆದ ನಿಮ್ಮ ಎರಡನೇ ಚಿತ್ರದಲ್ಲಿ ಅದು ಪುಟದ ಎಡಕ್ಕಿರುವುದು ಸರಿಯಾಗಿಯೇ ಇದೆ. ಅಡಿಬರಹದಲ್ಲಿ ಮಾತ್ರ ‘ಎಡಭಾಗದ ಯಕೃತ್ತು’ ಎಂದಿದೆ. ಚಿತ್ರವನ್ನು ತಿರುಗಿಸಬೇಡಿ, ಅಡಿಬರಹ ತಿದ್ದಿ ಕಳಿಸಿ.