ಜೈಲಿನಿಂದ ಹೊರಗೆ ಬರುವವರಿಗೆ ಶಿವಮೊಗ್ಗದಲ್ಲಿ ರೂಮು, ಕೆಲಸ ಯಾರು ಕೊಡಿಸುತ್ತಾರೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಚಿಕ್ಕಪ್ಪನ ಮಗ ಶಿವಮೊಗ್ಗದ ಸೋಗಾನೆ ಜೈಲಿನಲ್ಲಿದ್ದಾನೆ. ಶಿಕ್ಷೆ ಮುಗಿದು ಜೂನ್ ಕೊನೆಗೆ ಬಿಡುಗಡೆ. ಹೊಸನಗರದ ಕಡೆ ಇರುವ ಮನೆಯವರು ಒಳಗೆ ಸೇರಿಸುವುದಿಲ್ಲ ಅನ್ನುತ್ತಿದ್ದಾರೆ, ನೀವು ಬೆಂಗಳೂರಿನಲ್ಲಿದ್ದೀರಿ, ಸಾಗರ ಕೋರ್ಟಿನಲ್ಲಿ ಅವನ ಮೇಲೆ ಇನ್ನೊಂದು ಹಳೇ ಕೇಸು ಬಾಕಿ ಇದೆ. ರೂಮು, ಕೆಲಸ, ಮಾತ್ರೆ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಆಫೀಸು ಯಾವುದು ಅಂತ ಕೇಳಿದ್ದೀರಿ.

ಅಂಥ ಆಫೀಸು ಇಲ್ಲ. ಜೈಲು ಇಲಾಖೆಯ ಹೆಸರಿನಲ್ಲೇ ‘ಸುಧಾರಣಾ ಸೇವೆ’ ಅಂತ ಇದೆ, ನಿಜ. ಆದರೆ ಗೇಟಿನಿಂದ ಈಚೆ ಬಂದವನ ಕೈ ಹಿಡಿಯುವುದು ಯಾರ ಟೇಬಲ್ಲಿನ ಕೆಲಸವೂ ಅಲ್ಲ. ತುಂಡು ತುಂಡಾಗಿ ಎಲ್ಲವೂ ಇದೆ. ಮಲಗಲು ಜಾಗ ಪಾಲಿಕೆಯವರ ಹತ್ತಿರ, ಕೋರ್ಟಿನ ವಿಷಯ ಕಾನೂನು ಸೇವೆಗಳ ಪ್ರಾಧಿಕಾರದ ಹತ್ತಿರ, ಮಾತ್ರೆ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ, ರೇಷನ್ ಕಾರ್ಡು ತಾಲ್ಲೂಕು ಕಚೇರಿಯಲ್ಲಿ. ಇವುಗಳ ನಡುವೆ ಓಡಾಡುವ ಒಬ್ಬ ಮನುಷ್ಯ ಬೇಕು, ಅಷ್ಟೆ. ಆ ಮನುಷ್ಯ ಯಾರು ಅಂತ ಮೊದಲು ತೀರ್ಮಾನ ಮಾಡಿ. ಮೂರು ಜನ ಸೇರಿ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ನಾನು ಇಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕ) ಆಗಿ ಈ ಓಡಾಟ ಮಾಡುತ್ತಿರುವವನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಎರಡನೆಯದು, ಬಿಡುಗಡೆ ಆದ ಮೇಲೆ ನೋಡೋಣ ಅನ್ನಬೇಡಿ. ಅವನು ಒಳಗಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ.

ಸಾಗರದ ಕೇಸೇ ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಬಾಡಿ ವಾರಂಟ್, ಅಂದರೆ ಒಳಗಿರುವವನನ್ನು ತನ್ನ ಮುಂದೆ ಹಾಜರುಪಡಿಸಿ ಅಂತ ಕೋರ್ಟು ಜೈಲಿಗೆ ಕಳಿಸುವ ಆದೇಶ, ಇದ್ದರೆ ಈ ಶಿಕ್ಷೆ ಮುಗಿದರೂ ಅವನು ಹೊರಗೆ ಬರುವುದಿಲ್ಲ. ಹೊರಗೆ ಬಂದ ಮೇಲೆ ಹಳೇ ವಾರಂಟ್ ಎದ್ದು ಬಂದರೂ ಅಷ್ಟೆ, ನೀವು ಮಾಡಿದ ರೂಮಿನ ಅಡ್ವಾನ್ಸು, ಮಾತಾಡಿಟ್ಟ ಕೆಲಸ ಎಲ್ಲ ನೀರುಪಾಲು. ಇ-ಕೋರ್ಟ್ಸ್ ಆ್ಯಪಿನಲ್ಲಿ ಹೆಸರು ಹಾಕಿ ಹುಡುಕಿದರೆ ಕೇಸಿನ ಸ್ಥಿತಿ ಕಾಣುತ್ತದೆ. ಅವನಿಗೆ ವಕೀಲರಿಲ್ಲ ಅಂದರೆ ಜೈಲಿನೊಳಗಿನ ಕಾನೂನು ನೆರವು ಕೇಂದ್ರದಲ್ಲೇ ಅರ್ಜಿ ಬರೆಸಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಹೊರಗೆ ಬಂದ ಮೇಲೆ ಆ ಒಂದು ಕಾರಣ ಹೋಗುತ್ತದೆ, ಆಗ ಆದಾಯ, ಜಾತಿ ಅಂತ ಬೇರೆ ಅರ್ಹತೆ ತೋರಿಸಬೇಕು. ಅದಕ್ಕೇ ಈಗಲೇ ಮಾಡಿ. ಫೋನಿನಲ್ಲಿ ವಿಚಾರಿಸಬೇಕಾದರೆ 15100.

ಆ ಕೇಸಿನಲ್ಲಿ ಜಾಮೀನು ಸಿಕ್ಕಿದ್ದರೆ ಷರತ್ತುಗಳನ್ನು ಓದಿ. ಯಾವ ಠಾಣೆಗೆ ಹೋಗಿ ಸಹಿ ಹಾಕಬೇಕು, ಯಾವ ಗಡಿ ದಾಟಬಾರದು, ಯಾವ ಸಾಕ್ಷಿಯ ಹತ್ತಿರ ಹೋಗಬಾರದು ಅಂತ ಇರುತ್ತದೆ. ರೂಮು ಎಲ್ಲಿ ಮಾಡಬೇಕು ಅನ್ನುವುದನ್ನು ನಾವಲ್ಲ, ಆ ಕಾಗದ ತೀರ್ಮಾನ ಮಾಡುತ್ತದೆ. ಜಾಮೀನು ಸಿಕ್ಕಿಲ್ಲ, ಶ್ಯೂರಿಟಿ ಬೇಕು ಅಂದರೆ ನಮ್ಮ ಕಡೆ ಪಹಣಿ ಇಟ್ಟುಕೊಂಡು ಬರುವ ಜನ ಬೇಕಾಗುತ್ತದೆ. ಮನೆಯವರೇ ದೂರ ಮಾಡಿದವನಿಗೆ ಪಹಣಿ ಯಾರು ಕೊಡುತ್ತಾರೆ? ಇದಕ್ಕೂ ದಾರಿ ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ, ಜಾಮೀನು ಆದೇಶವಾಗಿ ಒಂದು ತಿಂಗಳಾದರೂ ಬಾಂಡು ಕೊಡಲಾಗದಿದ್ದರೆ ಕೋರ್ಟೇ ತಾನಾಗಿ ಷರತ್ತು ಸಡಿಲಿಸುವ ವಿಷಯ ಪರಿಶೀಲಿಸಬಹುದು. ವಕೀಲರಿಗೆ ನೆನಪು ಮಾಡಿ.

ಇನ್ನು ದಂಡ. ಶಿಕ್ಷೆಯ ಜತೆ ದಂಡವೂ ಇದ್ದು ಅದನ್ನು ಕಟ್ಟದೇ ಹೋದರೆ ಅದಕ್ಕೆ ಬದಲಾಗಿ ಮತ್ತಷ್ಟು ತಿಂಗಳು ಒಳಗಿರಬೇಕು. ನೀವು ಹೇಳುವ ಜೂನ್ ಕೊನೆ ದಂಡ ಕಟ್ಟಿದ ಲೆಕ್ಕವೋ ಕಟ್ಟದ ಲೆಕ್ಕವೋ ಕೇಳಿ ತಿಳಿದುಕೊಳ್ಳಿ. ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳಿಗೆ ಅಂತ ಒಂದು ಯೋಜನೆ ತಂದಿದೆ. ದಂಡ ಕಟ್ಟಲಾಗದ ಕೈದಿಗೆ 25,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಮಂಜೂರು ಮಾಡಬಹುದು. ಗಾಂಜಾ ಕೇಸು, ಭ್ರಷ್ಟಾಚಾರದ ಕೇಸುಗಳಾದರೆ ಇದು ಸಿಗುತ್ತದೆಯಾ ಅಂತ ಮೊದಲೇ ವಿಚಾರಿಸಿ. ಯೋಜನೆ ಇದೆ ಅಂತ ಕೈದಿಗಳಿಗೇ ಗೊತ್ತಿರುವುದಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತದೆ ಅನ್ನುವ ಸ್ಥಿತಿ.

ಈಗ ಮಲಗುವ ಜಾಗದ ವಿಷಯ.

ಬಿಡುಗಡೆ ಎಷ್ಟು ಹೊತ್ತಿಗೆ ಆಗುತ್ತದೆ ಅಂತ ಮೊದಲೇ ವಿಚಾರಿಸಿ. ಕಾಗದಪತ್ರ ಮುಗಿಯುವಷ್ಟರಲ್ಲಿ ಸಂಜೆ ಆಗಿಬಿಟ್ಟರೆ ಕಷ್ಟ. ಸೋಗಾನೆ ಇರುವುದು ಊರಿನ ಹೊರಗೆ, ವಿಮಾನ ನಿಲ್ದಾಣದ ಕಡೆ. ಅಲ್ಲಿಂದ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಘಟ್ಟದ ಕಡೆಯ ಹಳ್ಳಿಗಳ ಕೊನೇ ಬಸ್ಸು ಹೋಗಿರುತ್ತದೆ. ಜೇಬಿನಲ್ಲಿ ಸ್ವಲ್ಪ ದುಡ್ಡು, ಎದುರಿಗೆ ಬಾರು, ಹೋಗಲು ಮನೆ ಇಲ್ಲ. ಆ ಒಂದು ರಾತ್ರಿಗೆ ಜಾಗ ಗೊತ್ತಿರಲೇಬೇಕು. ಪಾಲಿಕೆಯ ವಸತಿರಹಿತರ ತಂಗುದಾಣ ಕೆಲವು ದಿನಗಳಿಗೆ ಪರವಾಗಿಲ್ಲ. ಮುಂಚೆಯೇ ಹೋಗಿ ನೋಡಿ, ಅಲ್ಲಿರುವವರ ಹತ್ತಿರ ಮಾತಾಡಿಟ್ಟುಕೊಳ್ಳಿ. ನಿರಾಶ್ರಿತರ ಪರಿಹಾರ ಕೇಂದ್ರ ಅಂತ ಇನ್ನೊಂದಿದೆ, ಅದರ ಜತೆ ಇದನ್ನು ಕಲಸಿಕೊಳ್ಳಬೇಡಿ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ನಡೆಯುವಂಥದ್ದು. ಈಗ ತಾನೇ ಒಂದು ಗೇಟಿನಿಂದ ಹೊರಗೆ ಬಂದವನನ್ನು ಇನ್ನೊಂದು ಗೇಟಿನೊಳಗೆ ಬಿಟ್ಟು ಬಂದ ಹಾಗಾಗುತ್ತದೆ. (ಇದನ್ನು ಓದುತ್ತಿರುವ ಬೇರೆ ಯಾರಾದರೂ ಹೆಣ್ಣುಮಗಳ ವಿಷಯಕ್ಕೆ ಹುಡುಕುತ್ತಿದ್ದರೆ: ಮೊದಲು ಸ್ವಾಧಾರ ಗೃಹ ಅಂತಿದ್ದು ಈಗ ಶಕ್ತಿ ಸದನ ಆಗಿರುವ ಕಡೆ ವಿಚಾರಿಸಿ. ಜೈಲಿನಿಂದ ಬಂದ, ಮನೆಯವರ ಆಸರೆ ಇಲ್ಲದ ಹೆಂಗಸರನ್ನು ಸ್ವಾಧಾರದ ನಿಯಮದಲ್ಲೇ ಹೆಸರಿಸಿದ್ದರು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.)

ಆಮೇಲೆ ಬಾಡಿಗೆ ರೂಮು. ಓನರಿಗೆ ಹೇಳಬೇಕಾ ಬೇಡವಾ? ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಅಭಿಪ್ರಾಯ: ಓನರಿಗೆ ಹೇಳಿ, ಅಕ್ಕಪಕ್ಕದವರಿಗೆ ಹೇಳಬೇಡಿ. ಹೇಳದೇ ರೂಮು ಹಿಡಿದು, ಎಂದೋ ಒಂದು ದಿನ ಬೀಟ್ ಪೊಲೀಸು ಬಂದು ಬಾಗಿಲು ಬಡಿದರೆ ಅವತ್ತೇ ಸಾಮಾನು ರಸ್ತೆಗೆ ಬೀಳುತ್ತದೆ. ರೌಡಿ ಶೀಟ್ ಏನಾದರೂ ತೆರೆದಿದ್ದರಂತೂ ಗಣಪತಿ ಹಬ್ಬದ ಹೊತ್ತಿಗೆ ಠಾಣೆಯಿಂದ ಕರೆ ಬರುವುದು ಶಿವಮೊಗ್ಗದವರಿಗೆ ಹೊಸದಲ್ಲ.

ಹೇಳುವ ರೀತಿ ಬೇರೆ. ಈಚೆಗೆ ಒಬ್ಬ ಹುಡುಗನಿಗೆ ರೂಮು ಕೇಳಲು ಹೋಗಿದ್ದೆ. ಓನರ್ ವಯಸ್ಸಾದ ಹೆಂಗಸು, ಜಗುಲಿಯ ಮೇಲೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಜೈಲಿನ ವಿಷಯ ಹೇಳಿದ್ದಕ್ಕೆ ತಲೆ ಎತ್ತಲೂ ಇಲ್ಲ. “ಏನು ಮಾಡಿದ್ದಾನೋ ನನಗೆ ಬೇಡ ತಮ್ಮಾ, ಕುಡಿತಾನಾ?” ಅಂದರು. “ಒಳಗೆ ಹೋಗುವ ಮುಂಚೆ ಕುಡಿಯುತ್ತಿದ್ದ ಅಮ್ಮ, ಈಗ ಬಿಟ್ಟಿದ್ದಾನೆ, ಮುಂದಕ್ಕೆ ಗ್ಯಾರಂಟಿ ಕೊಡಲ್ಲ” ಅಂದೆ. “ಬಾಡಿಗೆ ಅವನು ಕೊಡದಿದ್ರೆ ನೀನು ಕೊಡ್ತೀಯಾ?” ಕೊಡುತ್ತೇನೆ ಅಂದೆ. ಇನ್ನೊಂದು ಬೀಜ ಸುಲಿದು, “ನಿನ್ನ ನಂಬರು ಗೋಡೆ ಮೇಲೆ ಬರೆದು ಹೋಗು” ಅಂದರು.

ಅಷ್ಟೇ. ಅವರಿಗೆ ಬೇಕಾಗಿದ್ದು ಅವನ ಸನ್ನಡತೆಯ ಪತ್ರವಲ್ಲ, ತೊಂದರೆ ಆದರೆ ಫೋನ್ ಎತ್ತುವ ಒಬ್ಬರು. ಎಲ್ಲ ಓನರುಗಳೂ ಹೀಗಿರುವುದಿಲ್ಲ, ಬೈದು ಕಳಿಸುವವರೇ ಜಾಸ್ತಿ. ಆದರೆ ಒಪ್ಪುವವರು ಒಪ್ಪುವುದು ಈ ಕಾರಣಕ್ಕೇ. ನೀವು ಬೆಂಗಳೂರಿನಲ್ಲಿ ಕೂತು ಫೋನ್ ಎತ್ತುತ್ತೀರಾದರೂ ನಡೆಯುತ್ತದೆ, ಎತ್ತಬೇಕು ಮಾತ್ರ. ಅಗ್ರಿಮೆಂಟು ಅವನ ಹೆಸರಿನಲ್ಲೇ ಆಗಲಿ, ಮುಂದೆ ವಿಳಾಸದ ದಾಖಲೆಗೆ ಬೇಕಾಗುತ್ತದೆ.

ದಾಖಲೆ ಅಂದೆ ನೋಡಿ, ಇದರಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊರಗೆ ಬರುವಾಗ ಅವನ ಸಾಮಾನು ವಾಪಸ್ ಕೊಡುತ್ತಾರೆ. ಹಳೇ ಮೊಬೈಲು, ಪರ್ಸು, ಬೆಲ್ಟು, ಕೆಲವೊಮ್ಮೆ ಒಂದು ಉಂಗುರ. ಮೊಬೈಲಿನೊಳಗಿನ ಸಿಮ್ ಸತ್ತು ಎಷ್ಟೋ ಕಾಲವಾಗಿರುತ್ತದೆ. ಬಳಸದೇ ಬಿಟ್ಟ ನಂಬರನ್ನು ಕಂಪನಿಯವರು ಇನ್ಯಾರಿಗೋ ಕೊಟ್ಟೂ ಇರಬಹುದು. ಆಧಾರ್‌ಗೆ ಜೋಡಿಸಿದ್ದು ಅದೇ ನಂಬರು. ಒಟಿಪಿ ಬರುವುದಿಲ್ಲ. ಒಟಿಪಿ ಇಲ್ಲದೇ ಬ್ಯಾಂಕು, ರೇಷನ್ ಕಾರ್ಡು, ಫ್ಯಾಕ್ಟರಿಯ ಪಿಎಫ್ ಎಲ್ಲದರಲ್ಲೂ ತೊಡಕು. ಹಾಗಾಗಿ ಹೊರಗೆ ಬಂದ ಮಾರನೇ ದಿನ ಹೊಸ ಸಿಮ್, ಅದರ ಬೆನ್ನಿಗೇ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ನಂಬರ್ ಬದಲಾವಣೆ. ಎರಡು ವರ್ಷ ವ್ಯವಹಾರವಿಲ್ಲದ ಬ್ಯಾಂಕ್ ಖಾತೆ ನಿಂತುಹೋಗಿರುತ್ತದೆ, ಕೆವೈಸಿ ಮತ್ತೆ ಕೊಟ್ಟರೆ ಚಾಲೂ ಆಗುತ್ತದೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ. ಒಳಗೆ ಕೆಲಸ ಮಾಡಿದ್ದರೆ ಕೂಲಿ ಎಷ್ಟು ಜಮೆಯಾಗಿದೆ, ಯಾವ ಖಾತೆಗೆ ಹೋಗಿದೆ ಅಂತ ಬರೆಸಿಕೊಂಡು ಬರಲಿ. ಬಿಡುಗಡೆ ಪತ್ರದ ಜೆರಾಕ್ಸ್ ನಾಲ್ಕಾರು ಇಟ್ಟುಕೊಳ್ಳಿ. ರೇಷನ್ ಕಾರ್ಡಿನಲ್ಲಿ ಅವನ ಹೆಸರು ಇನ್ನೂ ಇದೆಯಾ ಅಂತ ಮನೆಯವರನ್ನು ಕೇಳಿ. ಮಾತು ಬಿಟ್ಟಿದ್ದರೂ ಇಷ್ಟು ಹೇಳಿಯಾರು.

ಕೆಲಸದ ವಿಷಯಕ್ಕೆ ಬಂದರೆ, ಅವನು ಬರುವ ತಿಂಗಳೇ ಕೆಟ್ಟದ್ದು. ಜೂನ್ ಕೊನೆ ಅಂದರೆ ಮಳೆ ಹಿಡಿದಿರುತ್ತದೆ. ತೋಟದ ಕಡೆ ಔಷಧಿ ಹೊಡೆಯುವುದು, ಗದ್ದೆ ನೆಟ್ಟಿ ಬಿಟ್ಟರೆ ದಿನಾ ಕೂಲಿ ಸಿಗುವುದಿಲ್ಲ. ಅಡಿಕೆ ಕೊನೆ ಕೊಯ್ಲು ಶುರುವಾಗುವುದು ದಸರಾ, ದೀಪಾವಳಿ ಆಸುಪಾಸಿಗೆ. ಅಲ್ಲಿಯವರೆಗಿನ ಮಳೆಗಾಲ ದಾಟಿಸುವುದೇ ನಿಮ್ಮ ಸವಾಲು. ಅದಕ್ಕೆ ಶಿವಮೊಗ್ಗ ಪೇಟೆಯೇ ವಾಸಿ. ಮಾಚೇನಹಳ್ಳಿ ಕಡೆ ಫ್ಯಾಕ್ಟರಿಗಳಿವೆ, ಎಪಿಎಂಸಿ ಯಾರ್ಡಿನಲ್ಲಿ ಲೋಡಿಂಗ್ ಇದೆ, ಹೋಟೆಲುಗಳಿವೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ, ಕೈ ಖಾಲಿ ಇದ್ದಾಗ ಅದೂ ಒಂದು ಆಸರೆ. ಕೈಕೆಲಸ ಕಲಿಯುವ ಮನಸ್ಸಿದ್ದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇದೆ. ಕೆಲವು ವಾರ ಮಲಗುವ ಜಾಗದ ಚಿಂತೆಯೂ ತಪ್ಪುತ್ತದೆ.

ಯಾರೋ ಪರಿಚಯದ ಸಾಹುಕಾರರು ತೋಟದ ಲೈನ್ ಮನೆ (ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿದ ಮನೆ) ಕೊಡುತ್ತೇನೆ, ಬಂದು ಇರಲಿ ಅನ್ನುತ್ತಾರೆ. ಕೇಳಲು ಚೆನ್ನಾಗಿರುತ್ತದೆ, ರೂಮು ಕೆಲಸ ಎರಡೂ ಒಟ್ಟಿಗೆ ಸಿಕ್ಕಿತಲ್ಲ ಅಂತ. ಆದರೆ ಕೆಲಸ ಹೋದ ದಿನ ಮನೆಯೂ ಹೋಗುತ್ತದೆ ಅಲ್ವಾ? ಜತೆಗೆ ಮುಂಗಡ ಅಂತ ದುಡ್ಡು ಕೊಟ್ಟು, ಅದು ತೀರುವವರೆಗೆ ಬಿಡುವ ಹಾಗಿಲ್ಲ ಅನ್ನುವವರೂ ಇದ್ದಾರೆ. ಅದು ಜೀತ, 1976ರಲ್ಲೇ ಕಾನೂನು ರದ್ದು ಮಾಡಿದ್ದು. ಲೈನ್ ಮನೆಗೆ ಹೋಗಲಿ, ಮುಂಗಡ ಮಾತ್ರ ಮುಟ್ಟದಿರಲಿ, ಕೂಲಿ ವಾರವಾರ ಕೈಗೆ ಬರಲಿ.

ಹೊಸನಗರದ ಊರಿಗೇ ವಾಪಸ್ ಕಳಿಸುವ ಪ್ರಯತ್ನ ಸದ್ಯಕ್ಕೆ ಮಾಡಬೇಡಿ ಅನ್ನುತ್ತೇನೆ. ಪೇಟೆಯಲ್ಲಿ ಒಂದು ವಠಾರದಲ್ಲಿ ಹತ್ತು ಮನೆ ಇದ್ದರೂ ಯಾರಿಗೂ ಯಾರೂ ಗೊತ್ತಿರುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ ಇದ್ದರೂ ಎಲ್ಲರಿಗೂ ಎಲ್ಲ ಗೊತ್ತು. ಕೇಸಿನ ಎದುರು ಪಾರ್ಟಿಯವರು ಅದೇ ಊರಿನಲ್ಲಿದ್ದರೆ ಅವರ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅದು ಸುಮ್ನೆ ಹಟ ಅಲ್ಲ. ಮನೆಯವರು ಹಬ್ಬಕ್ಕೆ ಬಾ ಅಂತ ಅವರಾಗಿ ಕರೆದರೆ ಹೋಗಿ ಬರಲಿ.

ಮಾತ್ರೆ ಅಂದಿದ್ದೀರಿ, ಯಾವುದಕ್ಕೆ ಅಂತ ಬರೆದಿಲ್ಲ. ಟಿಬಿಯದೋ, ಮನಸ್ಸಿನದೋ, ಯಾವುದಾದರೂ ಸರಿ, ಒಂದು ದಿನವೂ ತಪ್ಪಬಾರದು. ಜೈಲಿನ ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು, ಕೆಲವು ದಿನದ ಮಾತ್ರೆ ಕೈಯಲ್ಲಿ ಹಿಡಿದೇ ಹೊರಗೆ ಬರಲಿ, ಆ ಚೀಟಿ ತೋರಿಸಿ ಮೆಗ್ಗಾನ್‌ನಲ್ಲಿ ಮುಂದುವರಿಸಬಹುದು. ರಾತ್ರಿ ನಿದ್ದೆ ಬರುವುದಿಲ್ಲ, ಜನ ಕಂಡರೆ ಗಾಬರಿ ಅನ್ನುವುದೆಲ್ಲ ಮೊದಲ ವಾರಗಳಲ್ಲಿ ಇರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416, ಕನ್ನಡದಲ್ಲೇ ಮಾತಾಡುತ್ತಾರೆ. ಮುಂಚೆ ಕುಡಿಯುತ್ತಿದ್ದವನಾದರೆ ಒಂದು ಮಾತು ಹೇಳಿ ಕಳಿಸಿ: ವರ್ಷಗಟ್ಟಲೆ ಬಿಟ್ಟ ದೇಹಕ್ಕೆ ಹಳೇ ಅಳತೆ ತಡೆಯುವುದಿಲ್ಲ. ಹಳೇ ಗೆಳೆಯರು ಪಾರ್ಟಿ ಕೊಡುತ್ತೇವೆ ಅಂತ ಗೇಟಿಗೇ ಬರುತ್ತಾರೆ, ಅವರಿಗಿಂತ ಮೊದಲು ನಿಮ್ಮ ಕಡೆಯವರೊಬ್ಬರು ಅಲ್ಲಿರಲಿ.

ಕೊನೆಗೆ ಬೆಂಗಳೂರಿಗೆ ಕರೆದುಕೊಂಡು ಬರಲಾ ಅಂತ ಕೇಳಿದ್ದೀರಿ. ಸಾಗರದ ಕೇಸು ಮುಗಿಯುವವರೆಗೆ ಬೇಡ. ತಾರೀಕಿಗೊಮ್ಮೆ ಅಲ್ಲಿಂದ ಬಂದು ಹೋಗಲು ರಜೆ ಕೊಡುವ ಕೆಲಸ ಯಾವುದೂ ಇಲ್ಲ, ಒಂದು ತಾರೀಕು ತಪ್ಪಿದರೆ ವಾರಂಟು. ಶಿವಮೊಗ್ಗದಿಂದ ಸಾಗರಕ್ಕಾದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಮುಂದಿನ ಸಲ ಭೇಟಿಗೆ ಹೋದಾಗ ಅವನಿಗೇ ಏನು ಬೇಕು ಅಂತಲೂ ಕೇಳಿ, ಪ್ರಶ್ನೆಯಲ್ಲಿ ಅದೊಂದು ಕಾಣಲಿಲ್ಲ. ದಂಡ ಬಾಕಿ ಇದೆಯಾ, ಸಾಗರದಲ್ಲಿ ಜಾಮೀನು ಆಗಿದೆಯಾ, ಈ ಎರಡು ತಿಳಿದ ಮೇಲೆ ಕೆಳಗೆ ಬರೆಯಿರಿ. ರೂಮು ಯಾವ ಏರಿಯಾದಲ್ಲಿ ಹುಡುಕುವುದು ಅಂತ ಆಮೇಲೆ ಹೇಳುತ್ತೇನೆ.