ಮಗುವಿನ ಕಿವಿ ಸೋರುತ್ತಿದ್ದರೆ ಬೆಳ್ಳುಳ್ಳಿ ಎಣ್ಣೆ ಬಿಡಬಹುದೇ?

ನೆಗಡಿಯಾದ ಮೇಲೆ ಏಳು ವರ್ಷದ ಮಗನ ಕಿವಿಯಿಂದ ಕೀವು ಸೋರುತ್ತಿದೆ, ಅಜ್ಜಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಿ ಎನ್ನುತ್ತಾರೆ ಎಂದು ಗಂಗಾವತಿಯಿಂದ ಕೇಳಿದ್ದೀರಿ.

ಬೇಡ. ಹೀಗೆ ಕೀವು ಬಂದಿದೆಯೆಂದರೆ ಸಾಮಾನ್ಯವಾಗಿ ಕಿವಿಯ ತಮಟೆ ತೂತಾಗಿರುತ್ತದೆ. ಎಣ್ಣೆ ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಮಕ್ಕಳಲ್ಲಿ ಮೂಗಿನ ಹಿಂಭಾಗವನ್ನೂ ನಡುಗಿವಿಯನ್ನೂ ಸೇರಿಸುವ ನಾಳ ಗಿಡ್ಡ, ಇಳಿಜಾರೂ ಕಡಿಮೆ. ಅದಕ್ಕೇ ನೆಗಡಿ ಇಷ್ಟು ಬೇಗ ಕಿವಿಗೆ ಬರುವುದು.

ಮನೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಕಿವಿ ಒಣಗಿಸುವುದು. ಒಗೆದು ಬಿಸಿಲಿಗೆ ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆಯ ತುಂಡನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಡಿ. ಒದ್ದೆಯಾದೊಡನೆ ತೆಗೆದು ಹೊಸದನ್ನಿಡಿ. ಬತ್ತಿ ಒಣಗಿಯೇ ಹೊರಬರುವ ತನಕ, ದಿನಕ್ಕೆ 3 ಸಲವಾದರೂ ಹೀಗೆ ಮಾಡಿ. ಆಮೇಲೆ ಹತ್ತಿ ತುರುಕಿ ಮುಚ್ಚಿಡಬೇಡಿ. ಬೆಂಕಿಕಡ್ಡಿ, ಹೇರ್‌ಪಿನ್ ಹತ್ತಿರವೂ ಸುಳಿಯಬಾರದು. ಕಾಲುವೆಯ ಈಜು ಸದ್ಯಕ್ಕೆ ಬಂದ್. ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಬತ್ತಿಯಿಂದಲೇ ಸೋಂಕು ಹೋಗದು. ವೈದ್ಯರಿಗೆ ತೋರಿಸಿ, ಆ್ಯಂಟಿಬಯಾಟಿಕ್ ಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ. ಕಿವಿಯ ಹಿಂದಿನ ಮೂಳೆಯ ಮೇಲೆ ಬಾವು ಕಂಡು, ಮುಟ್ಟಿದರೆ ಮಗು ಚೀರಿದರೆ ಆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. 14 ದಿನವಾದರೂ ಸೋರುವುದು ನಿಲ್ಲದಿದ್ದರೆ ಕಿವಿ, ಮೂಗು, ಗಂಟಲು ತಜ್ಞರೇ ನೋಡಬೇಕು. ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಆ ವಿಭಾಗವಿದೆ.