ತಾತನ ಟ್ರಂಕಿನಲ್ಲಿ ಸಿಕ್ಕ ಮೈಸೂರು ಮಹಾರಾಜರ ಎಂಟಾಣೆ, ಒಂದು ರೂಪಾಯಿ ಕೋರ್ಟ್ ಫೀ ಸ್ಟಾಂಪುಗಳನ್ನು ಕಾಗದದಿಂದ ಬಿಡಿಸುವುದು ಹೇಗೆ? ತೂತು ಬಿದ್ದಿದ್ದರೂ ಬೆಲೆ ಇರುತ್ತಾ?

ಬಿಡಿಸಬೇಡಿ. ಇದನ್ನು ಓದುವ ಮೊದಲೇ ನೀರು ಕಾಯೋಕೆ ಇಟ್ಟಿದ್ದರೆ, ಹೋಗಿ ಒಲೆ ಆರಿಸಿ ಬನ್ನಿ. ಆಮೇಲೆ ಮಾತಾಡೋಣ.

ನಿಮ್ಮ ಪ್ರಶ್ನೆ ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು. ಅದೇ ಟ್ರಂಕು, ಅದೇ ಮೈಸೂರು ಮಹಾರಾಜರ ಸ್ಟಾಂಪು, ಅದೇ ತೂತು. ನಮ್ಮ ತಾತ ತುಮಕೂರಿನಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಅವರು ಹೋಗಿ ಎಷ್ಟೋ ವರ್ಷದ ಮೇಲೆ, ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಟ್ರಂಕು ಇಳಿಸಿದೆವು. ಒಳಗೆ ಕೆಂಪು ದಾರ ಕಟ್ಟಿದ ಕಾಗದದ ಕಟ್ಟು. ತೀರ್ಪಿನ ನಕಲು, ಡಿಕ್ರಿ ನಕಲು, ಹೀಗೆ ಕಕ್ಷಿದಾರರು ಬಂದು ತಗೊಂಡು ಹೋಗದೆ ಉಳಿದವು. ಒಟ್ಟು 32. ಒಂದೊಂದರ ತಲೆಯ ಮೇಲೂ ಒಂದೆರಡು ಸ್ಟಾಂಪು.

ಆಗ ನನಗೆ ಇಪ್ಪತ್ತೆರಡು. ಸ್ಕೂಲಿನಿಂದ ಅಂಚೆ ಚೀಟಿ ಕೂಡಿಸುತ್ತಿದ್ದವನು. ಅದರಲ್ಲಿ ಎಲ್ಲ ಗೊತ್ತು ಅನ್ನೋ ಧಿಮಾಕು ಬೇರೆ. ಲಕೋಟೆಯ ಮೂಲೆ ಕತ್ತರಿಸು, ಉಗುರು ಬೆಚ್ಚಗಿನ ನೀರಲ್ಲಿ ಬಿಡು, ಅಂಟು ಬಿಟ್ಟ ಮೇಲೆ ಚೀಟಿ ಎತ್ತಿ ಪೇಪರ್ ಮೇಲೆ ಬೋರಲು ಒಣಗಿಸು. ಕೈಗೆ ರೂಢಿಯಾಗಿದ್ದ ಕೆಲಸ. ಮೂವತ್ತೊಂದು ಹಾಳೆಯ ಸ್ಟಾಂಪಿನ ಭಾಗ ಮಾತ್ರ ಕತ್ತರಿಯಲ್ಲಿ ಕತ್ತರಿಸಿ, ಅಮ್ಮನ ಸ್ಟೀಲ್ ಪರಾತದಲ್ಲಿ ನೀರು ಹಾಕಿ ಒಟ್ಟಿಗೆ ಬಿಟ್ಟೆ. ಉಳಿದ ಕಾಗದ? ಬಚ್ಚಲ ಒಲೆಗೆ. ಹಂಡೆ ನೀರು ಚೆನ್ನಾಗಿಯೇ ಕಾಯಿತು.

ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಪರಾತದ ನೀರೆಲ್ಲ ನೇರಳೆ. ಮೊದಲು ಬಿಟ್ಟಿದ್ದು ಕೋರ್ಟಿನ ರಬ್ಬರ್ ಸ್ಟಾಂಪಿನ ಶಾಯಿ. ಅದರ ಹಿಂದೆಯೇ ಸ್ಟಾಂಪಿನ ಬಣ್ಣ. ಹಸಿರು ಇದ್ದದ್ದು ತಿಳಿ ಮಜ್ಜಿಗೆಯ ಥರ ಆಯ್ತು. ಎಂಟಾಣೆಯ ಒಂದು ಸ್ಟಾಂಪು ಎತ್ತಿದೆ. ಅಂಚಿನ ಬಳ್ಳಿ ಇಲ್ಲ. ತೂತಿನ ಪಕ್ಕದಲ್ಲಿ ಪೇಟದ ತುದಿಯೊಂದು ಇತ್ತು, ಅದೂ ಬೆರಳಿಗೆ ಅಂಟಿಕೊಂಡಿತು.

ಯಾಕೆ ಹೀಗಾಯ್ತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರಾದರೂ ಓದಿ. ಇಂಥ ಸ್ಟಾಂಪು ಅಂದರೆ ದುಡ್ಡು: ಕೋರ್ಟಿನ ಶುಲ್ಕ ಕಟ್ಟೋದೇ ಇದನ್ನು ಕೊಂಡು ಕಾಗದಕ್ಕೆ ಅಂಟಿಸಿ. ಉಪಯೋಗಿಸಿದ್ದನ್ನು ತೊಳೆದು, ಮೇಲಿನ ಸಹಿ ಅಳಿಸಿ, ಮತ್ತೆ ಅಂಟಿಸಿದರೆ ಸರ್ಕಾರಕ್ಕೆ ನಷ್ಟ. ಅದಕ್ಕೇ ನೀರು ತಾಗಿದರೆ ಬಿಡುವ ಬಣ್ಣವನ್ನು ಬೇಕೂಂತಲೇ ಹಾಕುತ್ತಿದ್ದರು. ಸ್ಟಾಂಪು ಮುದ್ರಿಸುತ್ತಿದ್ದ ಲಂಡನ್ನಿನ ಡಿ ಲಾ ರೂ ಕಂಪನಿ ಇಂಥ ಶಾಯಿಗೇ ಹೆಸರಾಗಿತ್ತು. ಅಂದರೆ ನನ್ನಂಥವನು ತೊಳೆದರೆ ಹಾಳಾಗಲಿ ಅಂತಲೇ ಮಾಡಿದ ವಸ್ತು ಅದು. ನಾನು ತೊಳೆದೆ, ಅದು ಹಾಳಾಯ್ತು. ಅದರ ಕೆಲಸ ಅದು ಮಾಡಿತು. ಅಂಚೆ ಚೀಟಿಯಲ್ಲೂ ಕೆಲವಕ್ಕೆ ಈ ಗುಣ ಇದೆ. ಆದರೆ ಹುಡುಗರ ಕೈಗೆ ಸಿಗುವ ಮಾಮೂಲಿ ಚೀಟಿಗಳಲ್ಲಿ ಕಾಣೋದು ಕಮ್ಮಿ. ನನಗೆ ಗೊತ್ತಾಗಲಿಲ್ಲ. ಒಂದೇ ಒಂದನ್ನು ಮೊದಲು ಹಾಕಿ ನೋಡಿದ್ದರೆ ಮೂವತ್ತು ಉಳಿಯುತ್ತಿದ್ದವು. ಅದೂ ಮಾಡಲಿಲ್ಲ. ದೋಸೆಗೆ ಕೂಡ ಮೊದಲು ಒಂದು ಹುಯ್ದು ನೋಡುತ್ತಾರೆ, ಅಲ್ವಾ?

ಇನ್ನು ತೂತಿನ ವಿಷಯ. ನೀವು ಅದನ್ನು ಹಾಳಾಗಿದ್ದು ಅಂದುಕೊಂಡಿದ್ದೀರಿ. ಹಾಗಲ್ಲ. ಬ್ರಿಟಿಷ್ ಇಂಡಿಯಾದ 1870ರ ಕೋರ್ಟ್ ಫೀ ಕಾಯ್ದೆಯ 30ನೇ ಕಲಂನಲ್ಲಿ ಸ್ಟಾಂಪು ರದ್ದು ಮಾಡೋದಕ್ಕೆ ನಿಯಮವೇ ಇದೆ: ಸ್ಟಾಂಪಿನ ತಲೆಚಿತ್ರವನ್ನು ತೂತು ಹೊಡೆದು ತೆಗೆಯಬೇಕು, ಮೊತ್ತ ಬರೆದ ಜಾಗ ಹಾಗೇ ಉಳಿಯಬೇಕು, ಹೊರಬಂದ ಚೂರನ್ನು ಸುಡಬೇಕು ಅಥವಾ ನಾಶ ಮಾಡಬೇಕು. ರಾಜನ ತಲೆ ತೆಗೆಯೋದು ಕಾನೂನು! ಮೈಸೂರು ಸೀಮೆಯ ಕಚೇರಿಗಳಲ್ಲೂ ಹೀಗೇ ಹೊಡೆಯುತ್ತಿದ್ದರು ಅನ್ನೋದಕ್ಕೆ ನಿಮ್ಮ ಟ್ರಂಕು, ನನ್ನ ಟ್ರಂಕು ಎರಡೂ ಸಾಕ್ಷಿ. ಹಾಗಾಗಿ ಆ ತೂತು ಅಂದರೆ, ಈ ಸ್ಟಾಂಪು ನಿಜವಾಗಿ ಕೋರ್ಟಿನ ಮೇಜಿನ ಮೇಲೆ ಕೂತು ಬಂದಿದೆ ಅಂತ. ಕಾಗದ ಬಿಟ್ಟು ಸ್ಟಾಂಪು ಮಾತ್ರ ಇಟ್ಟುಕೊಂಡರೆ ನಿಮ್ಮ ಹತ್ತಿರ ಉಳಿಯೋದು ಒಂದು ತೂತು ಮಾತ್ರ.

ಅಂದಹಾಗೆ, ಸರ್ಕಾರದ ಮುದ್ರೆ ಇರುವ ಕಾಗದ ಮಾರಿ ಖಜಾನೆ ತುಂಬಿಸುವ ಉಪಾಯವನ್ನು ಡಚ್ಚರು 1624ರಲ್ಲೇ ಜಾರಿಗೆ ತಂದಿದ್ದರು. ಸ್ಪೇನ್ ಜೊತೆ ಯುದ್ಧ ನಡೆಯುತ್ತಿತ್ತು, ದುಡ್ಡು ಬೇಕಿತ್ತು. ಇಂಥ ಸ್ಟಾಂಪುಗಳನ್ನು ಕೂಡಿಸುವವರು ಹೊರದೇಶದಲ್ಲೂ ಇದ್ದಾರೆ. ಹಾಗಾಗಿ ಮನೆಯವರು ನಿಮ್ಮನ್ನು ಹುಚ್ಚ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

'ಬೆಲೆ ಇರುತ್ತಾ' ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಅದು ತಪ್ಪು ಪ್ರಶ್ನೆ. ನಿಮಗೆ ಸಿಕ್ಕಿರುವಂಥ ಸಾಮಾನ್ಯ ಎಂಟಾಣೆ, ಒಂದು ರೂಪಾಯಿ ಸ್ಟಾಂಪು ಬಿಡಿಯಾಗಿ ಮಾರಿದರೆ ಮೈಸೂರಿಗೆ ಹೋಗಿ ಬರುವ ಬಸ್ ಚಾರ್ಜೂ ಹುಟ್ಟೋದಿಲ್ಲ. ನಾನು ಬೆಂಗಳೂರಿನ ವ್ಯಾಪಾರಿಯೊಬ್ಬರ ಹತ್ತಿರ ನನ್ನ ಬಿಳಿಚಿದ ಸರಕು ತಗೊಂಡು ಹೋಗಿದ್ದೆ. ಅವರು ಭೂತಗನ್ನಡಿ ಕೂಡ ಎತ್ತಲಿಲ್ಲ. "ಕಾಗದ ಎಲ್ಲಿ?" ಅಂದರು ಅಷ್ಟೇ. ಒಲೆಗೆ ಹಾಕಿದೆ ಅನ್ನೋಕೆ ನಾಚಿಕೆಯಾಗಿ, ಕಳೆದುಹೋಯ್ತು ಅಂತ ಸುಳ್ಳು ಹೇಳಿ ಬಂದೆ.

ಪೂರ್ತಿ ಕಾಗದ ಇದ್ದರೆ ಮಜಾನೇ ಬೇರೆ. ಈಗ ಕರ್ನಾಟಕ ಅನ್ನುವ ನೆಲ 1956ರ ನವೆಂಬರ್ 1ಕ್ಕೆ ಮೊದಲು ಹರಿದು ಹಂಚಿಹೋಗಿತ್ತು. ಧಾರವಾಡ ಮುಂಬೈಗೆ, ಮಂಗಳೂರು ಮದ್ರಾಸಿಗೆ, ಕಲಬುರಗಿ ಹೈದರಾಬಾದಿಗೆ, ಕೊಡಗು ತನ್ನ ಪಾಡಿಗೆ. ಜಮಖಂಡಿಯಂಥ ಚಿಕ್ಕ ಸಂಸ್ಥಾನಗಳು ಬೇರೆ ಇದ್ದವು. ಊರು ಬದಲಾದರೆ ಸ್ಟಾಂಪೂ ಬದಲು. ಆಣೆ ಇದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ನಯಾ ಪೈಸೆ ಇದ್ದರೆ ಆಮೇಲಿನದು. ಇದನ್ನೆಲ್ಲ ಕಾಗದದ ಮೇಲಿನ ತಾರೀಕು, ಕೋರ್ಟಿನ ಹೆಸರು ಜೊತೆಗಿಟ್ಟು ನೋಡಿದರೇ ಗೊತ್ತಾಗೋದು.

ಇಡೋದು ಹೇಗೆ ಅಂದರೆ, ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹತ್ತಿರಕ್ಕೂ ತರಬೇಡಿ. ತುಕ್ಕು ಹಿಡಿದ ಗುಂಡುಪಿನ್ ಇದ್ದರೆ ನಿಧಾನಕ್ಕೆ ತೆಗೆಯಿರಿ. ಪಿವಿಸಿ ಕವರ್ ಬೇಡ, ಪಾಲಿಯೆಸ್ಟರ್‌ದು ತಗೊಳ್ಳಿ. ಮಡಿಸದೆ ಇಡಿ. ಜಮೀನಿನ ಕಾಗದ ಏನಾದರೂ ಸೇರಿದ್ದರೆ ಕವರಿಗೆ ಹಾಕುವ ಮೊದಲು ಮನೆಯ ಹಿರಿಯರಿಗೆ ತೋರಿಸಿ. ಅದು ಇವತ್ತಿಗೂ ಕೆಲಸಕ್ಕೆ ಬರಬಹುದು.

ನನ್ನ 32ರಲ್ಲಿ ಒಂದು ಉಳಿಯಿತು. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿಗೆ ಅಂಟಿಕೊಂಡಿದ್ದರಿಂದ ನನ್ನ ಕೈಗೆ ಸಿಗಲಿಲ್ಲ, ಬಚಾವಾಯ್ತು. ಕೆರೆ ತೂಬಿನ ನೀರಿಗೆ ಇಬ್ಬರು ಅಣ್ಣತಮ್ಮಂದಿರು ಹಾಕಿದ ದಾವೆಯ ತೀರ್ಪಿನ ನಕಲು. ಕೊನೆಯ ಹಾಳೆಯಲ್ಲಿ ನಕಲಿಗೆ ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಎಲ್ಲ ಇವೆ. ಅಪೀಲಿನ ಗಡುವು ಲೆಕ್ಕ ಹಾಕೋಕೆ ಬೇಕಲ್ಲ, ಅದಕ್ಕೆ. ಕೆಳಗೆ ನಕಲು ಮಾಡಿದವರ ಸಹಿ, ತಾಳೆ ನೋಡಿದವರ ಸಹಿ. ವರ್ಷಗಟ್ಟಲೆ ನಾನು ನೋಡಿದ್ದು ಇಷ್ಟೇ. ಕವರ್ ಬದಲಿಸುವಾಗ ಒಂದು ದಿನ ಹಾಳೆ ಮಗುಚಿದೆ. ಹಿಂದೆ ಪೆನ್ಸಿಲಿನಲ್ಲಿ ತಾತನ ಅಕ್ಷರ, ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ: "ಸ್ಟಾಂಪು 0-8-0, ನಕಲು 0-12-0, ಕಾಫಿ 0-1-0."

ನೀವೂ ಒಂದು ಸಲ ಹಾಳೆಗಳನ್ನು ಮಗುಚಿ ನೋಡಿ. ನಾನು ಆ ಮೂವತ್ತೊಂದನ್ನು ಮಗುಚಲೇ ಇಲ್ಲ.